ಕೆಮ್ಮಿದರೆ ಮೂತ್ರ ಸೋರುತ್ತದೆ: ಟೇಪ್ ಆಪರೇಷನ್ ಮಾಡಿಸಿಕೊಳ್ಳಲೇಬೇಕಾ?

ಪ್ರಶ್ನೆ:

"ನನಗೆ 46 ವರ್ಷ. ಇಬ್ಬರು ಮಕ್ಕಳು, ಎರಡೂ ನಾರ್ಮಲ್ ಡೆಲಿವರಿ. ಎರಡನೇ ಸಲ ಫೋರ್ಸೆಪ್ಸ್ ಹಾಕಿ ಮಗು ತೆಗೆದರು. ಏಳೆಂಟು ವರ್ಷದಿಂದ ಕೆಮ್ಮಿದರೆ, ಸೀನಿದರೆ, ಭಾರ ಎತ್ತಿದರೆ ಮೂತ್ರ ಸೋರುತ್ತಿದೆ. ಮೊದಲು ಒಂದೆರಡು ಹನಿ, ಈಗ ಬಟ್ಟೆಯೇ ಒದ್ದೆಯಾಗುತ್ತದೆ. ಟೀಚರ್ ಕೆಲಸ, ನಿಂತೇ ಪಾಠ ಮಾಡಬೇಕು. ದಿನಕ್ಕೆ ಮೂರು ಪ್ಯಾಡ್ ಬೇಕು. ವಾಸನೆ ಬಂದೀತು ಎಂದು ಯಾರ ಪಕ್ಕದಲ್ಲೂ ಕೂರುವುದಿಲ್ಲ. ಗಂಡನ ಜೊತೆ ಸೇರುವಾಗಲೂ ಸೋರುವುದರಿಂದ ಏನಾದರೂ ನೆಪ ಹೇಳಿ ದೂರ ಇದ್ದುಬಿಡುತ್ತೇನೆ. ಒಮ್ಮೊಮ್ಮೆ ಬಾತ್‌ರೂಮ್ ಬಾಗಿಲಿಗೆ ಬರುವಷ್ಟರಲ್ಲೇ ತಡೆಯೋಕೆ ಆಗುವುದಿಲ್ಲ. ತೂಕ 78 ಕೆಜಿ, ಜಾಸ್ತಿಯೇ. ಕೆಗೆಲ್ ವ್ಯಾಯಾಮ, ಅಂದರೆ ಕೆಳಗಿನ ಸ್ನಾಯು ಬಿಗಿ ಮಾಡಿ ಬಿಡುವುದು, ಆಗಾಗ ಮಾಡಿದ್ದೇನೆ, ಏನೂ ಪ್ರಯೋಜನ ಕಂಡಿಲ್ಲ. ಡಾಕ್ಟರ್ 'ಮೂತ್ರನಾಳದ ಕೆಳಗೆ ಆಸರೆಗೆ ಟೇಪ್ ಹಾಕೋಣ, ಅರ್ಧ ಗಂಟೆ ಕೆಲಸ' ಎಂದರು. ಮಗಳು ಇಂಟರ್ನೆಟ್‌ನಲ್ಲಿ ನೋಡಿ 'ಅಮ್ಮ, ಅದು ಮೆಶ್, ಪ್ಲಾಸ್ಟಿಕ್ ಜಾಲರಿ. ಎಷ್ಟೋ ಹೆಂಗಸರು ಕೋರ್ಟಿಗೆ ಹೋಗಿದ್ದಾರೆ, ಬೇಡವೇ ಬೇಡ' ಎನ್ನುತ್ತಾಳೆ. ನಾದಿನಿ ಗರ್ಭಕೋಶ ತೆಗೆಸಿದರೆ ಸರಿಹೋಗುತ್ತದೆ ಎನ್ನುತ್ತಾಳೆ. ಇನ್ನೊಬ್ಬರು ಲೇಸರ್ ಮಾಡಿಸಿ ಅಂದರು. ನನ್ನ ಗಂಡ 'ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ' ಅಂತಾರೆ. ಯಾರ ಮಾತು ಕೇಳಲಿ?"

ಉತ್ತರ:

ನಿಮ್ಮ ಸುತ್ತ ಇರುವ ಎಲ್ಲರೂ ಒಂದೊಂದು ಸಲಹೆ ಕೊಟ್ಟಿದ್ದಾರೆ. ಈ ಸೋರಿಕೆಯಿಂದ ನಿಮಗೆ ಎಷ್ಟು ತೊಂದರೆ ಆಗುತ್ತಿದೆ ಎಂದು ಮಾತ್ರ ಯಾರೂ ಕೇಳಿದ ಹಾಗೆ ಕಾಣುವುದಿಲ್ಲ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಆಪರೇಷನ್ ಬೇಕೋ ಬೇಡವೋ ಎನ್ನುವುದು ನಿಂತಿರುವುದೇ ಅದರ ಮೇಲೆ. ಇದು ಪ್ರಾಣಕ್ಕೆ ಕುತ್ತು ತರುವ ಕಾಯಿಲೆಯಲ್ಲ, ಕ್ಯಾನ್ಸರ್ ಆಗಿ ತಿರುಗುವುದೂ ಇಲ್ಲ. ಹಾಗಾಗಿ ಬೇಗ ಮಾಡಿಸಿ ಎಂದು ನಿಮ್ಮನ್ನು ಅವಸರಪಡಿಸುವ ಹಕ್ಕು ಯಾವ ಡಾಕ್ಟರಿಗೂ ಇಲ್ಲ. ಸಹಿಸಿಕೊಂಡು ಹೋಗು ಎನ್ನುವ ಹಕ್ಕು ಮನೆಯವರಿಗೂ ಇಲ್ಲ. ದಿನಕ್ಕೆ ಮೂರು ಪ್ಯಾಡ್, ಜನರ ಪಕ್ಕ ಕೂರಲು ಸಂಕೋಚ, ಗಂಡನಿಂದ ದೂರ. ನನ್ನ ಕಣ್ಣಿಗೆ ಇದು ಖಂಡಿತ ಚಿಕಿತ್ಸೆ ಬೇಕಾದ ತೊಂದರೆ. ಯಾವ ಚಿಕಿತ್ಸೆ, ಯಾವಾಗ ಎನ್ನುವುದನ್ನು ನಿಧಾನವಾಗಿ ನೋಡೋಣ.

ಮೊದಲು ವಯಸ್ಸಿನ ಮಾತು. ವಯಸ್ಸಾದಂತೆ ಮೂತ್ರ ಸೋರುವುದು ಜಾಸ್ತಿ ಜನರಲ್ಲಿ ಕಾಣಿಸುತ್ತದೆ ಎನ್ನುವುದು ನಿಜ. ತುಂಬ ಜನರಿಗೆ ಇದೆ ಎಂದ ಮಾತ್ರಕ್ಕೆ ಅದಕ್ಕೆ ಮದ್ದಿಲ್ಲ ಎಂದಾಗುವುದಿಲ್ಲ. ಮೊದಲ ಹೆರಿಗೆಯಾದ ಇಪ್ಪತ್ತೈದರ ಹೆಂಗಸಿಗೂ ಇದು ಬರುತ್ತದೆ, ಹೆರಿಗೆಯೇ ಆಗದ, ಜೋರಾಗಿ ಓಡುವ, ನೆಗೆಯುವ ಆಟಗಾರ್ತಿಯರಿಗೂ ಬರುತ್ತದೆ.

ಇನ್ನು ಗರ್ಭಕೋಶ. ಈ ಮಾತು ನನಗೆ ಪದೇ ಪದೇ ಕೇಳಿಬರುತ್ತದೆ, ಪ್ರತಿ ಸಲವೂ ಸಂಕಟವಾಗುತ್ತದೆ. ನಿಮ್ಮ ಸೋರಿಕೆಗೂ ಗರ್ಭಕೋಶಕ್ಕೂ ಸಂಬಂಧವಿಲ್ಲ. ಅದನ್ನು ತೆಗೆಸಿದರೆ ಸೋರಿಕೆ ನಿಲ್ಲುವುದಿಲ್ಲ. ತೆಗೆಸಿಕೊಂಡವರಲ್ಲಿ ಮುಂದೆ ಸೋರಿಕೆಗೆ ಆಪರೇಷನ್ ಬೇಕಾಗುವ ಸಂಭವ ಉಳಿದವರಿಗಿಂತ ಹೆಚ್ಚು. ಗರ್ಭಕೋಶದಲ್ಲೇ ಬೇರೆ ತೊಂದರೆ ಇದ್ದರೆ, ಅಥವಾ ಅದು ಕೆಳಕ್ಕೆ ಜಾರಿದ್ದರೆ ಅದು ಬೇರೆ ವಿಚಾರ. ಸುಮ್ನೆ ಮೂತ್ರ ಸೋರುತ್ತದೆ ಎಂದು ಗರ್ಭಕೋಶ ಕಳೆದುಕೊಳ್ಳಬೇಡಿ.

ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲು ಯಾವುದು ಗೊತ್ತಾ? ಬಾತ್‌ರೂಮ್ ಬಾಗಿಲ ಹತ್ತಿರ ತಡೆಯೋಕೆ ಆಗುವುದಿಲ್ಲ ಎಂದು ಬರೆದಿದ್ದೀರಲ್ಲ, ಅದು. ನಿಮಗಿರುವುದು ಒಂದಲ್ಲ, ಎರಡು ಬಗೆಯ ಸೋರಿಕೆ. ಕೆಮ್ಮು, ಸೀನು, ನಗು, ಭಾರ ಎತ್ತುವುದು, ಇವುಗಳಿಂದ ಹೊಟ್ಟೆಯೊಳಗೆ ಒತ್ತಡ ಏರಿ ಸೋರುವುದು ಒಂದು ಬಗೆ. ಇದನ್ನು ಸ್ಟ್ರೆಸ್ ಇನ್‌ಕಾಂಟಿನೆನ್ಸ್ ಎನ್ನುತ್ತಾರೆ. ಇದ್ದಕ್ಕಿದ್ದಂತೆ ಅವಸರವಾಗಿ, ಓಡಿದರೂ ತಲುಪದೆ ಸೋರುವುದು ಎರಡನೆಯದು. ಅಲ್ಲಿ ಮೂತ್ರಕೋಶದ ಸ್ನಾಯು ಹೊತ್ತಿಲ್ಲದ ಹೊತ್ತಲ್ಲಿ ಹಿಂಡಿಕೊಳ್ಳುತ್ತದೆ. ಟೇಪ್ ಹಾಕುವುದು ಮೊದಲನೆಯದಕ್ಕೆ. ಎರಡನೆಯದಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚು ಹೊತ್ತು ತಡೆಯುತ್ತಾ ಮೂತ್ರಕೋಶಕ್ಕೆ ಪಾಠ ಕಲಿಸುವ ಅಭ್ಯಾಸ, ಕಾಫಿ-ಟೀ ಕಡಿಮೆ ಮಾಡುವುದು, ಮಾತ್ರೆ ಇವೆಲ್ಲ ಇವೆ. ಟೇಪ್ ಹಾಕಿದ ಮೇಲೆ ಅವಸರದ ಸೋರಿಕೆ ಕೆಲವರಿಗೆ ಕಡಿಮೆಯಾಗುತ್ತದೆ, ಕೆಲವರಿಗೆ ಹಾಗೇ ಇರುತ್ತದೆ, ಕೆಲವರಿಗೆ ಜಾಸ್ತಿಯೂ ಆಗುತ್ತದೆ. ಆಪರೇಷನ್ ಆದ ಮೇಲೂ "ಏನೂ ಸರಿಹೋಗಲಿಲ್ಲ" ಎಂದು ನೊಂದು ಬರುವವರಲ್ಲಿ ಬಹಳ ಜನರಿಗೆ ಟೇಪ್ ತನ್ನ ಕೆಲಸ ಮಾಡಿರುತ್ತದೆ, ಉಳಿದಿರುವುದು ಈ ಎರಡನೆಯ ಬಗೆ. ಇದನ್ನು ಮೊದಲೇ ಹೇಳಿದ್ದರೆ ಅವರು ನೋಯುತ್ತಿರಲಿಲ್ಲ.

ಹಾಗಾಗಿ ನಿಮ್ಮಲ್ಲಿ ಯಾವುದು ಎಷ್ಟಿದೆ ಎಂದು ತಿಳಿಯಬೇಕು. ಅದಕ್ಕೆ ದೊಡ್ಡ ಯಂತ್ರ ಬೇಡ. ಮೂರು ದಿನ ಒಂದು ಹಾಳೆಯಲ್ಲಿ ಬರೆದಿಡಿ: ಎಷ್ಟು ಗಂಟೆಗೆ ಎಷ್ಟು ಕುಡಿದಿರಿ, ಯಾವಾಗ ಎಷ್ಟು ಮೂತ್ರ ಹೋಯಿತು, ಯಾವಾಗ ಸೋರಿತು, ಆಗ ಏನು ಮಾಡುತ್ತಿದ್ದಿರಿ. ಮೂತ್ರ ಅಳೆಯಲು ಗೆರೆ ಇರುವ ಹಳೇ ಪ್ಲಾಸ್ಟಿಕ್ ಮಗ್ಗು ಸಾಕು. ಈ ಹಾಳೆ ಹತ್ತು ನಿಮಿಷದ ಮಾತಿಗಿಂತ ಹೆಚ್ಚು ಹೇಳುತ್ತದೆ. ಮೂತ್ರದಲ್ಲಿ ಸೋಂಕು ಇದೆಯಾ ಎಂದು ನೋಡಬೇಕು. ಮೂತ್ರ ಮಾಡಿದ ಮೇಲೆ ಒಳಗೆ ಎಷ್ಟು ಉಳಿಯುತ್ತದೆ ಎಂದು ಸ್ಕ್ಯಾನ್‌ನಲ್ಲಿ ನೋಡಬೇಕು.

ಆಮೇಲೆ ಕೆಮ್ಮಿನ ಪರೀಕ್ಷೆ. ಮೂತ್ರಕೋಶ ತುಂಬಿರುವಾಗ ಕಾಲು ಸ್ವಲ್ಪ ಅಗಲಿಸಿ ನಿಂತು ಜೋರಾಗಿ ಕೆಮ್ಮಲು ಹೇಳುತ್ತೇನೆ. ಕೆಮ್ಮಿದ ಕ್ಷಣದಲ್ಲೇ ಚಿಮ್ಮಿ, ಕೆಮ್ಮು ನಿಂತೊಡನೆ ನಿಂತರೆ ಅದು ಒತ್ತಡದ ಸೋರಿಕೆ. ಕೆಮ್ಮಿ ಒಂದೆರಡು ಸೆಕೆಂಡಿನ ನಂತರ ಶುರುವಾಗಿ, ನಿಲ್ಲಿಸಲು ಆಗದೆ ಹರಿದರೆ ಮೂತ್ರಕೋಶ ತಾನಾಗಿ ಹಿಂಡಿಕೊಂಡಿದೆ ಎಂದು ಅನುಮಾನ ಪಡಬೇಕು. ಎಷ್ಟೋ ಹೆಂಗಸರು ನಾಚಿಕೆಗೆ, ಪರೀಕ್ಷೆಗೆ ಮೊದಲೇ ಬಾತ್‌ರೂಮಿಗೆ ಹೋಗಿ ಬಂದುಬಿಡುತ್ತಾರೆ. ಆಗ ಏನೂ ಕಾಣುವುದಿಲ್ಲ. ದಯವಿಟ್ಟು ತುಂಬಿದ ಮೂತ್ರಕೋಶದಲ್ಲೇ ಹೋಗಿ. ಡಾಕ್ಟರ ಮುಂದೆ ಸೋರಿದರೆ ಅದು ಅವಮಾನವಲ್ಲ, ನಮಗೆ ಬೇಕಾಗಿರುವುದೇ ಅದು.

ಯೂರೋಡೈನಮಿಕ್ಸ್ ಎಂಬ ಪರೀಕ್ಷೆಯ ಹೆಸರು ಕೇಳಿರಬಹುದು. ಸಣ್ಣ ಕೊಳವೆ ಹಾಕಿ ಮೂತ್ರಕೋಶದೊಳಗಿನ ಒತ್ತಡ ಅಳೆಯುತ್ತಾರೆ. ಬರೀ ಒತ್ತಡದ ಸೋರಿಕೆ ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿದ್ದರೆ ಅದು ಬೇಕಿಲ್ಲ. 2012ರಲ್ಲಿ ಅಮೆರಿಕದಲ್ಲಿ 630 ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ ಈ ಪರೀಕ್ಷೆ ಮಾಡಿಸಿ ಆಪರೇಷನ್ ಮಾಡಿದವರಲ್ಲೂ, ಮಾಡಿಸದೆ ಮಾಡಿದವರಲ್ಲೂ ಫಲಿತಾಂಶ ಒಂದೇ ಇತ್ತು, ಎರಡರಲ್ಲೂ ಶೇ 77ರಷ್ಟು ಮಂದಿಗೆ ಗುಣ ಕಂಡಿತು. ಆದರೆ ನಿಮ್ಮ ಹಾಗೆ ಎರಡೂ ಬಗೆ ಬೆರೆತಿದ್ದರೆ, ಅಥವಾ ಮೊದಲೊಂದು ಆಪರೇಷನ್ ಆಗಿದ್ದರೆ ನಾನು ಮಾಡಿಸುತ್ತೇನೆ.

ಯಾಕೆ ಸೋರುತ್ತದೆ? ಮೂತ್ರಕೋಶದಿಂದ ಹೊರಗೆ ಬರುವ ಮೂತ್ರನಾಳ ಹೆಂಗಸರಲ್ಲಿ ಬರೀ 4 ಸೆಂಟಿಮೀಟರ್ ಉದ್ದ. ಅದರ ಕೆಳಗೆ ಯೋನಿಯ ಮುಂಗೋಡೆ, ಅದನ್ನು ಎರಡೂ ಕಡೆಯಿಂದ ಹಿಡಿದಿರುವ ಸ್ನಾಯು ಮತ್ತು ನಾರಿನ ಪಟ್ಟಿಗಳು. ಗಟ್ಟಿ ನೆಲದ ಮೇಲಿರುವ ನೀರಿನ ಪೈಪನ್ನು ಕಾಲಿಂದ ಮೆಟ್ಟಿದರೆ ನೀರು ನಿಲ್ಲುತ್ತದೆ. ಅದೇ ಪೈಪು ಕೆಸರಿನ ಮೇಲಿದ್ದರೆ? ಮೆಟ್ಟಿದಷ್ಟೂ ಹೂತುಹೋಗುತ್ತದೆ, ನೀರು ಹರಿಯುತ್ತಲೇ ಇರುತ್ತದೆ. ನಿಮ್ಮಲ್ಲಿ ಆಗಿರುವುದೂ ಇದೇ. ಕೆಮ್ಮಿದಾಗ ಬರುವ ಒತ್ತಡಕ್ಕೆ ಮೂತ್ರನಾಳ ಮುಚ್ಚಿಕೊಳ್ಳಬೇಕಾದರೆ ಕೆಳಗಿನ ಆಸರೆ ಗಟ್ಟಿ ಇರಬೇಕು. ಹೆರಿಗೆಯಲ್ಲಿ ಮಗುವಿನ ತಲೆ ಇಳಿಯುವಾಗ ಈ ಆಸರೆ ಎಳೆದು ಹಿಗ್ಗುತ್ತದೆ, ಕೆಲವೊಮ್ಮೆ ಕಿಬ್ಬೊಟ್ಟೆಯ ಕೆಳಗಿನ ಮೂಳೆಯ ಹತ್ತಿರ ಹರಿದೂ ಹೋಗುತ್ತದೆ. ಫೋರ್ಸೆಪ್ಸ್ ಹಾಕಿದ ಹೆರಿಗೆಯಲ್ಲಿ ಈ ಪೆಟ್ಟು ಜಾಸ್ತಿ. ಇದರಲ್ಲಿ ನಿಮ್ಮ ತಪ್ಪೂ ಇಲ್ಲ, ಫೋರ್ಸೆಪ್ಸ್ ಹಾಕಿದವರನ್ನು ದೂರುವುದಕ್ಕೂ ಅಷ್ಟರಿಂದಲೇ ಆಗುವುದಿಲ್ಲ. ಆ ಹೊತ್ತಿನಲ್ಲಿ ಮಗುವನ್ನು ಉಳಿಸಲು ಅದೇ ದಾರಿ ಇದ್ದಿರಬಹುದು. ಆಮೇಲೆ ವರ್ಷಗಳು ಉರುಳಿದಂತೆ ತೂಕ, ಮಲಬದ್ಧತೆಯಲ್ಲಿ ತಿಣುಕುವುದು, ನಿಲ್ಲದ ಕೆಮ್ಮು, ಮುಟ್ಟು ನಿಲ್ಲುವ ಕಾಲದಲ್ಲಿ ಅಂಗಾಂಶ ತೆಳ್ಳಗಾಗುವುದು ಇವೆಲ್ಲ ಸೇರಿಕೊಳ್ಳುತ್ತವೆ. ಕೆಲವರಲ್ಲಿ ಆಸರೆ ಸರಿಯಿದ್ದರೂ ಮೂತ್ರನಾಳವನ್ನು ಮುಚ್ಚುವ ಸ್ನಾಯುವೇ ಸೋತಿರುತ್ತದೆ. ಅಂಥವರಿಗೆ ಕೂತಲ್ಲಿಂದ ಎದ್ದರೂ ಸೋರುತ್ತದೆ, ಯಾವ ಆಪರೇಷನ್ ಮಾಡಿದರೂ ಫಲ ಸ್ವಲ್ಪ ಕಡಿಮೆ.

ತೂಕದ ಬಗ್ಗೆ ನೀವೇ ಬರೆದಿದ್ದರಿಂದ ಹೇಳುತ್ತೇನೆ, ಬೈಯಲು ಅಲ್ಲ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತೂಕ ಜಾಸ್ತಿ ಇದ್ದ ಹೆಂಗಸರು ಆರು ತಿಂಗಳಲ್ಲಿ ಸರಾಸರಿ ಶೇ 8ರಷ್ಟು ತೂಕ ಇಳಿಸಿದಾಗ ವಾರಕ್ಕೆ ಸೋರುವ ಸಲಗಳು ಶೇ 47ರಷ್ಟು ಕಡಿಮೆಯಾದವು. ಬರೀ ತಿಳಿವಳಿಕೆ ಪಡೆದ ಗುಂಪಿನಲ್ಲಿ ಇಳಿದದ್ದು ಶೇ 28. ಶೇ 8 ಎಂದರೆ ನಿಮ್ಮ ಲೆಕ್ಕದಲ್ಲಿ ಸುಮಾರು 6 ಕೆಜಿ. ಇಪ್ಪತ್ತು ಕೆಜಿ ಇಳಿಸಿ ಬನ್ನಿ ಎಂದು ಯಾರಾದರೂ ಅಂದಿದ್ದರೆ ಮರೆತುಬಿಡಿ.

ಈಗ ಕೆಗೆಲ್ ವ್ಯಾಯಾಮ. ಅಮೆರಿಕದ ಡಾ. ಆರ್ನಾಲ್ಡ್ ಕೆಗೆಲ್ 1948ರಲ್ಲಿ ಇದನ್ನು ಹೇಳಿದಾಗ ಸುಮ್ನೆ "ಮಾಡಿ" ಎಂದು ಕಳಿಸಿರಲಿಲ್ಲ. ಹಿಂಡುವುದು ಸರಿಯಾಗುತ್ತಿದೆಯಾ ಎಂದು ಅಳೆಯುವ ಸಾಧನವನ್ನೂ ಮಾಡಿದ್ದರು. ಕಾಲಕ್ರಮೇಣ ಆ ಭಾಗ ಮರೆತುಹೋಯಿತು. ಪರೀಕ್ಷೆ ಮಾಡುವಾಗ ಒಳಗೆ ಬೆರಳಿಟ್ಟು "ಬಿಗಿ ಮಾಡಿ" ಎಂದರೆ ಬಹಳ ಹೆಂಗಸರು ಪೃಷ್ಠ ಬಿಗಿ ಮಾಡುತ್ತಾರೆ, ಉಸಿರು ಕಟ್ಟುತ್ತಾರೆ, ಇನ್ನು ಕೆಲವರು ಕೆಳಕ್ಕೆ ತಿಣುಕುತ್ತಾರೆ. ತಿಣುಕಿದರೆ ಆಸರೆ ಇನ್ನಷ್ಟು ಸಡಿಲವಾಗುತ್ತದೆ. ಗ್ಯಾಸ್ ಹೋಗದಂತೆ ತಡೆಯುವಾಗ ಹಿಂಬದಿಯಲ್ಲಿ ಬಿಗಿಯುವ ಸ್ನಾಯು ಇದೆಯಲ್ಲ, ಅದನ್ನೇ ಮುಂದಕ್ಕೂ ಮೇಲಕ್ಕೂ ಎಳೆದುಕೊಳ್ಳಬೇಕು. ಹೊಟ್ಟೆ, ತೊಡೆ ಸಡಿಲ ಇರಬೇಕು. ಉಸಿರು ನಡೆಯುತ್ತಿರಬೇಕು. ದಿನಕ್ಕೆ ಮೂರು ಹೊತ್ತು, ಪ್ರತಿ ಸಲ ಕನಿಷ್ಠ 8 ಬಾರಿ, ಕನಿಷ್ಠ 3 ತಿಂಗಳು. ಜೊತೆಗೆ ಒಂದು ಉಪಾಯ: ಕೆಮ್ಮು ಅಥವಾ ಸೀನು ಬರುವ ಮುನ್ನವೇ ಬಿಗಿ ಹಿಡಿಯುವುದು. ಇದು ಕೈಗೂಡಿದರೆ ಕೆಲವೇ ವಾರಗಳಲ್ಲಿ ವ್ಯತ್ಯಾಸ ಕಾಣುತ್ತದೆ. ಮೂತ್ರ ಮಾಡುತ್ತಿರುವಾಗ ಮಧ್ಯೆ ನಿಲ್ಲಿಸುವುದನ್ನು ವ್ಯಾಯಾಮವಾಗಿ ಮಾಡಬೇಡಿ, ಅದರಿಂದ ಮೂತ್ರಕೋಶ ಪೂರ್ತಿ ಖಾಲಿಯಾಗುವ ಅಭ್ಯಾಸ ಕೆಡುತ್ತದೆ.

"ಆಗಾಗ ಮಾಡಿದ್ದೇನೆ" ಎಂದಿದ್ದೀರಿ. ಅದು ಲೆಕ್ಕಕ್ಕೆ ಬರುವುದಿಲ್ಲ ಎಂದರೆ ಬೇಸರ ಮಾಡಿಕೊಳ್ಳಬೇಡಿ. ಇದನ್ನು ಬಲ್ಲ ಫಿಸಿಯೋಥೆರಪಿಸ್ಟ್ ಒಬ್ಬರು ಕೈಯಿಟ್ಟು ನೋಡಿ, ತಿದ್ದಿ, ಮೂರು ತಿಂಗಳು ಬೆನ್ನಿಗೆ ನಿಂತು ಮಾಡಿಸಬೇಕು. ಪರಿಣಾಮ ಕಡಿಮೆಯೇನಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ 2018ರ ಕಾಕ್ರೇನ್ ವಿಮರ್ಶೆಯಲ್ಲಿ, ಒತ್ತಡದ ಸೋರಿಕೆ ಇದ್ದು ವ್ಯಾಯಾಮ ಮಾಡಿದವರಲ್ಲಿ ಶೇ 56 ಮಂದಿ ವಾಸಿಯಾಯಿತು ಎಂದರೆ, ಏನೂ ಮಾಡದವರಲ್ಲಿ ಹಾಗೆಂದವರು ಶೇ 6.

ಹಾಗಂತ ವ್ಯಾಯಾಮವೇ ಎಲ್ಲರಿಗೂ ಸಾಕು ಎಂದು ನಾನು ಹೇಳುವುದಿಲ್ಲ. ಸೋರಿಕೆ ಜಾಸ್ತಿ ಇರುವವರ ಮಾತೇ ಬೇರೆ. 2013ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಮಧ್ಯಮದಿಂದ ತೀವ್ರ ಮಟ್ಟದ ಸೋರಿಕೆ ಇದ್ದ 460 ಹೆಂಗಸರಲ್ಲಿ ಅರ್ಧದಷ್ಟು ಜನರಿಗೆ ಫಿಸಿಯೋಥೆರಪಿ, ಅರ್ಧದಷ್ಟು ಜನರಿಗೆ ಟೇಪ್ ಎಂದು ಶುರು ಮಾಡಿದರು. ಒಂದು ವರ್ಷದ ಹೊತ್ತಿಗೆ ಟೇಪ್ ಗುಂಪಿನಲ್ಲಿ ಶೇ 91 ಮಂದಿ ಸುಧಾರಿಸಿದೆ ಎಂದರು, ಫಿಸಿಯೋಥೆರಪಿ ಗುಂಪಿನಲ್ಲಿ ಶೇ 64. ಅದಕ್ಕಿಂತ ಮುಖ್ಯವಾಗಿ, ಫಿಸಿಯೋಥೆರಪಿಯಿಂದ ಶುರು ಮಾಡಿದವರಲ್ಲಿ ಶೇ 49 ಮಂದಿ ಕೊನೆಗೆ ಆಪರೇಷನ್ ಮಾಡಿಸಿಕೊಂಡರು. ಇದನ್ನು ತಿರುಗಿಸಿ ನೋಡಿ: ಅಷ್ಟು ಸೋರಿಕೆ ಇದ್ದವರಲ್ಲೂ ಅರ್ಧದಷ್ಟು ಜನ ಆ ಒಂದು ವರ್ಷ ಆಪರೇಷನ್ ಇಲ್ಲದೆಯೇ ಕಳೆದರು. ಅದಕ್ಕೇ ನಾನು ಮೊದಲು ಮೂರು ತಿಂಗಳು ಎನ್ನುವುದು. ಕಳೆದುಕೊಳ್ಳುವುದು ಏನಿಲ್ಲ, ಮುಂದೆ ಟೇಪ್ ಹಾಕಿಸಿದರೂ ಗಟ್ಟಿಯಾದ ಸ್ನಾಯು ಜೊತೆಗಿರುತ್ತದೆ.

ಆಪರೇಷನ್ ಬೇಡ ಎನ್ನುವವರಿಗೆ ಯೋನಿಯೊಳಗೆ ಇಡುವ ಸಿಲಿಕೋನ್ ಬಳೆ, ಅಂದರೆ ಪೆಸರಿ, ಒಂದು ದಾರಿ. ಬೇಕೆಂದಾಗ ತಾವೇ ಹಾಕಿ ತೆಗೆಯಬಹುದು. ಡುಲಾಕ್ಸಿಟೀನ್ ಎಂಬ ಮಾತ್ರೆಯನ್ನು ಕೆಲವು ದೇಶಗಳಲ್ಲಿ ಕೊಡುತ್ತಾರೆ, ವಾಕರಿಕೆಗೆ ಬೇಸತ್ತು ಬಿಡುವವರೇ ಹೆಚ್ಚು. ಯೋನಿಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಮುಟ್ಟು ನಿಂತವರಿಗೆ ಒಣಗುವುದು, ಉರಿ, ಅವಸರ ಕಡಿಮೆ ಮಾಡುತ್ತದೆ.

ಇನ್ನು ಟೇಪ್. ಹಿಂದೆ ಇದಕ್ಕೆ ಹೊಟ್ಟೆ ಕೊಯ್ದು ಮಾಡುತ್ತಿದ್ದರು. 1961ರಲ್ಲಿ ಬಂದ ಬರ್ಚ್ ಆಪರೇಷನ್ ಎಷ್ಟೋ ದಶಕ ಚಾಲ್ತಿಯಲ್ಲಿತ್ತು. 1996ರಲ್ಲಿ ಸ್ವೀಡನ್ನಿನ ಉಲ್ಫ್ ಉಲ್ಮ್‌ಸ್ಟೆನ್ ಮತ್ತು ಸಂಗಡಿಗರು ಟಿವಿಟಿ ಎಂಬ ವಿಧಾನವನ್ನು ಪ್ರಕಟಿಸಿದ ಮೇಲೆ ಎಲ್ಲ ಬದಲಾಯಿತು. ಮೂತ್ರಕೋಶದ ಕುತ್ತಿಗೆಯನ್ನು ಮೇಲೆತ್ತಿ ಕಟ್ಟುವ ಬದಲು, ಮೂತ್ರನಾಳದ ನಡುಭಾಗದ ಕೆಳಗೆ ಸಡಿಲವಾದ ಒಂದು ಪಟ್ಟಿ ಇಟ್ಟರೆ ಸಾಕು ಎನ್ನುವುದು ಅವರ ಲೆಕ್ಕ.

ಆಪರೇಷನ್ ಟೇಬಲ್ ಮೇಲೆ ಏನಾಗುತ್ತದೆ ಎಂದು ಹೇಳುತ್ತೇನೆ, ಗೊತ್ತಿದ್ದರೆ ಭಯ ಕಡಿಮೆ. ಯೋನಿಯ ಮುಂಗೋಡೆಯಲ್ಲಿ, ಮೂತ್ರ ಬರುವ ದ್ವಾರದ ಸ್ವಲ್ಪ ಕೆಳಗೆ, ಒಂದೂವರೆ ಸೆಂಟಿಮೀಟರಿನಷ್ಟು ಕೊಯ್ಯುತ್ತೇವೆ. ಟೇಪ್ ಸುಮಾರು ಒಂದು ಸೆಂಟಿಮೀಟರ್ ಅಗಲದ, ಪಾಲಿಪ್ರೊಪಿಲೀನ್ ದಾರದಲ್ಲಿ ಹೆಣೆದ ಜಾಲರಿ ಪಟ್ಟಿ. ಅದೇ ದಾರವನ್ನು ಹೊಲಿಗೆಗೂ ಬಳಸುತ್ತಾರೆ. ಬಾಗಿದ ಸೂಜಿಯಿಂದ ಅದರ ಎರಡು ತುದಿಗಳನ್ನು ಕಿಬ್ಬೊಟ್ಟೆಯ ಕೆಳಗಿನ ಮೂಳೆಯ ಹಿಂದಿನಿಂದ ಮೇಲಕ್ಕೆ ತಂದು, ಕಿಬ್ಬೊಟ್ಟೆಯ ಕೆಳಗೆ ಎರಡು ಚಿಕ್ಕ ರಂಧ್ರಗಳಲ್ಲಿ ಹೊರತೆಗೆಯುತ್ತೇವೆ. ಆಗ ಕ್ಯಾಮೆರಾ ಹಾಕಿ ಮೂತ್ರಕೋಶದೊಳಗೆ ಸುತ್ತಲೂ ನೋಡುತ್ತೇವೆ, ಸೂಜಿ ಎಲ್ಲಾದರೂ ತೂರಿದೆಯಾ ಎಂದು. ತೂರಿದ್ದರೆ ಅಲ್ಲೇ ತೆಗೆದು ಮತ್ತೆ ಹಾಕುತ್ತೇವೆ. ಕೊನೆಗೆ ಬರುವುದು ಇಡೀ ಆಪರೇಷನ್ನಿನ ಜಾಣ್ಮೆ ಇರುವ ಹಂತ: ಬಿಗಿ ಎಷ್ಟಿರಬೇಕು ಎನ್ನುವುದು. ಟೇಪಿಗೂ ಮೂತ್ರನಾಳಕ್ಕೂ ನಡುವೆ ಕತ್ತರಿಯ ತುದಿ ಇಟ್ಟುಕೊಂಡು, ಟೇಪಿನ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಎಳೆದು ತೆಗೆಯುತ್ತೇವೆ. ಕತ್ತರಿ ತೆಗೆದಾಗ ಅಲ್ಲಿ ಸಡಿಲ ಉಳಿಯಬೇಕು. ಟೇಪ್ ಮೂತ್ರನಾಳವನ್ನು ಮುಟ್ಟಿಯೂ ಮುಟ್ಟದಂತೆ ಇರಬೇಕು, ಕೆಮ್ಮಿದಾಗ ಮಾತ್ರ ಆಸರೆ ಕೊಡಬೇಕು. ತುದಿಗಳನ್ನು ಎಲ್ಲಿಗೂ ಹೊಲಿಯುವುದಿಲ್ಲ. ಜಾಲರಿಯ ಒರಟು ಅಂಚೇ ಹಿಡಿದುಕೊಳ್ಳುತ್ತದೆ, ವಾರಗಳು ಕಳೆದಂತೆ ಅದರ ರಂಧ್ರಗಳೊಳಗೆ ನಿಮ್ಮದೇ ಅಂಗಾಂಶ ಬೆಳೆದುಕೊಳ್ಳುತ್ತದೆ. ಎಲ್ಲ ಸೇರಿ ಅರ್ಧ ಗಂಟೆ, ನಿಜ. ಬಹಳ ಜನ ಅದೇ ದಿನ ಅಥವಾ ಮರುದಿನ ಮನೆಗೆ ಹೋಗುತ್ತಾರೆ.

ಇನ್ನೊಂದು ದಾರಿಯಲ್ಲಿ ಟೇಪನ್ನು ತೊಡೆಸಂದಿನ ಕಡೆಯಿಂದ ಹಾಯಿಸುತ್ತಾರೆ. ಫ್ರಾನ್ಸಿನ ಡೆಲೋರ್ಮ್ 2001ರಲ್ಲಿ ಪರಿಚಯಿಸಿದ ಇದನ್ನು ಟಿಓಟಿ ಎನ್ನುತ್ತಾರೆ. ಮೂತ್ರಕೋಶಕ್ಕೆ ಸೂಜಿ ತಾಗುವ ಸಂಭವ ಇದರಲ್ಲಿ ಬಹಳ ಕಡಿಮೆ. 2010ರ ಅಮೆರಿಕದ ಅಧ್ಯಯನದಲ್ಲಿ 597 ಹೆಂಗಸರಲ್ಲಿ ಎರಡನ್ನೂ ಹೋಲಿಸಿದರು. ವರ್ಷದ ನಂತರ ಪರೀಕ್ಷೆಯಲ್ಲಿ ಯಶಸ್ಸು ಮೇಲಿನ ದಾರಿಯಲ್ಲಿ, ಅಂದರೆ ಕಿಬ್ಬೊಟ್ಟೆಯ ಕಡೆಗೆ ತಂದಾಗ, ಶೇ 80.8, ತೊಡೆಸಂದಿನ ದಾರಿಯಲ್ಲಿ ಶೇ 77.7. ಮೇಲಿನ ದಾರಿಯಲ್ಲಿ ಶೇ 2.7 ಮಂದಿಗೆ ಮೂತ್ರ ಸರಿಯಾಗಿ ಹೋಗದೆ ಮತ್ತೆ ಆಪರೇಷನ್ ಬೇಕಾಯಿತು, ಇನ್ನೊಂದರಲ್ಲಿ ಯಾರಿಗೂ ಬೇಕಾಗಲಿಲ್ಲ. ತೊಡೆಯ ಜೋಮು, ನಿಶ್ಶಕ್ತಿಯಂಥ ತೊಂದರೆ ಕ್ರಮವಾಗಿ ಶೇ 4 ಮತ್ತು ಶೇ 9.4. ನನಗೆ ಕೇಳಿದರೆ ಮೇಲಿನ ದಾರಿಯೇ ಮೇಲು. ಯಾಕೆಂದರೆ ಮುಂದೆ ಎಂದಾದರೂ ಟೇಪ್ ತೆಗೆಯಬೇಕಾಗಿ ಬಂದರೆ ತೊಡೆಯ ಸ್ನಾಯುಗಳ ನಡುವಿನಿಂದ ತೆಗೆಯುವುದು ಬಹಳ ಕಷ್ಟ. ಒಂದೇ ಗಾಯದಲ್ಲಿ ಹಾಕುವ ಚಿಕ್ಕ ಟೇಪ್ ಕೂಡ ಇದೆ. 2022ರ ಬ್ರಿಟನ್ ಅಧ್ಯಯನದಲ್ಲಿ ಮೂರು ವರ್ಷದವರೆಗೆ ಸೋರಿಕೆ ನಿಲ್ಲಿಸುವುದರಲ್ಲಿ ಅದು ದೊಡ್ಡ ಟೇಪಿಗೆ ಸಮವಾಗಿತ್ತು. ಆದರೆ ಸಂಭೋಗದ ನೋವು ಶೇ 11.7, ದೊಡ್ಡದರಲ್ಲಿ ಶೇ 4.8. ಸಣ್ಣ ಗಾಯ ಎಂದರೆ ಸಣ್ಣ ತೊಂದರೆ ಎಂದೇನಿಲ್ಲ.

ಈಗ ನಿಮ್ಮ ಮಗಳ ಮಾತಿಗೆ ಬರುತ್ತೇನೆ. ಅವಳು ಓದಿದ್ದು ಸುಳ್ಳಲ್ಲ. ಆದರೆ ಅಲ್ಲಿ ಎರಡು ಬೇರೆ ಆಪರೇಷನ್‌ಗಳು ಕಲಸಿಹೋಗಿವೆ. ಗರ್ಭಕೋಶ, ಮೂತ್ರಕೋಶ ಕೆಳಕ್ಕೆ ಜಾರಿದಾಗ ಯೋನಿಯ ಗೋಡೆಯೊಳಗೆ ದೊಡ್ಡ ಜಾಲರಿ ಹಾಳೆ ಇಟ್ಟು ಹೊಲಿಯುತ್ತಿದ್ದರು. ತೊಂದರೆ ಜಾಸ್ತಿ ಕಂಡದ್ದು ಅದರಲ್ಲಿ. 2019ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಔಷಧ, ವೈದ್ಯಕೀಯ ಉಪಕರಣಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಮಾರಾಟ ನಿಲ್ಲಿಸಲು ಹೇಳಿದ್ದು ಯೋನಿಯ ಮೂಲಕ ಹಾಕುವ ಆ ಮೆಶ್‌ಗೆ, ಸೋರಿಕೆಯ ಟೇಪಿಗಲ್ಲ. ಇಷ್ಟು ಹೇಳಿ "ಟೇಪಿನಲ್ಲಿ ಏನೂ ಭಯವಿಲ್ಲ" ಎನ್ನುವ ಡಾಕ್ಟರುಗಳಿದ್ದಾರೆ. ಅದನ್ನೂ ನಾನು ಒಪ್ಪುವುದಿಲ್ಲ. 2018ರ ಜುಲೈನಲ್ಲಿ ಇಂಗ್ಲೆಂಡ್ ಸೋರಿಕೆಯ ಟೇಪಿಗೂ ತಡೆ ಹಾಕಿತು. 2020ರಲ್ಲಿ ಬಂದ ಅಲ್ಲಿನ ತನಿಖಾ ವರದಿ, ನೋವು ಎಂದು ಹೇಳಿಕೊಂಡು ಬಂದ ಹೆಂಗಸರ ಮಾತನ್ನು ವರ್ಷಗಟ್ಟಲೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ಬರೆಯಿತು. ನಮ್ಮ ವೃತ್ತಿಯವರು ಇದನ್ನು ಮರೆಯಬಾರದು.

ಹಾಗಾದರೆ ಅಪಾಯ ಎಷ್ಟು? ಇಂಗ್ಲೆಂಡಿನಲ್ಲಿ ಟೇಪ್ ಹಾಕಿಸಿಕೊಂಡ 95 ಸಾವಿರಕ್ಕೂ ಹೆಚ್ಚು ಹೆಂಗಸರ ದಾಖಲೆ ನೋಡಿದ 2018ರ ಅಧ್ಯಯನದಲ್ಲಿ, 9 ವರ್ಷದೊಳಗೆ ಟೇಪನ್ನು ಪೂರ್ತಿಯಾಗಿಯೋ ಸ್ವಲ್ಪವೋ ತೆಗೆಯಬೇಕಾದವರು ಶೇ 3.3. ಅಂದರೆ ನೂರಕ್ಕೆ ಮೂರು ಜನ. ಟೇಪಿನ ಅಂಚು ಯೋನಿಯೊಳಗೆ ಹೊರಬಂದು ಚುಚ್ಚುವುದು ನೂರಕ್ಕೆ ಸುಮಾರು ಎರಡು ಜನರಲ್ಲಿ. ಮೇಲಿನ ದಾರಿಯಲ್ಲಿ ಮೂತ್ರಕೋಶಕ್ಕೆ ಸೂಜಿ ತಾಗುವುದು ನೂರಕ್ಕೆ ನಾಲ್ಕೈದು, ಅಲ್ಲೇ ಗೊತ್ತಾದರೆ ಸಾಮಾನ್ಯವಾಗಿ ವಾಸಿಯಾಗುತ್ತದೆ. ಹೊಸದಾಗಿ ಅವಸರ ಶುರುವಾಗಬಹುದು, ಮೂತ್ರದ ಸೋಂಕು ಮರುಕಳಿಸಬಹುದು. ನಾನು ಎಲ್ಲಕ್ಕಿಂತ ಹೆಚ್ಚು ಯೋಚಿಸುವುದು ದೀರ್ಘಕಾಲದ ನೋವಿನ ಬಗ್ಗೆ. ಅದು ಬರುವುದು ಕೆಲವರಿಗೇ, ಬಂದರೆ ಬದುಕೇ ಅಲ್ಲಾಡುತ್ತದೆ. ಅಂಗಾಂಶದೊಳಗೆ ಬೆರೆತ ಟೇಪನ್ನು ಪೂರ್ತಿ ತೆಗೆಯುವುದು ಕಷ್ಟದ ಆಪರೇಷನ್, ತೆಗೆದ ಮೇಲೂ ನೋವು ಹೋಗುತ್ತದೆ ಎನ್ನುವ ಖಾತ್ರಿಯಿಲ್ಲ, ಸೋರಿಕೆ ಮರಳಬಹುದು. ಹಾಕಿದರೆ ಇದು ಶಾಶ್ವತ ಎಂದೇ ತಿಳಿದು ಒಪ್ಪಬೇಕು. ಇನ್ನೊಂದು ಕಡೆ, ನಾರ್ಡಿಕ್ ದೇಶಗಳಲ್ಲಿ ಮೊದಮೊದಲು ಟಿವಿಟಿ ಮಾಡಿಸಿಕೊಂಡವರನ್ನು 17 ವರ್ಷದ ನಂತರ ಕರೆದು ನೋಡಿದಾಗ, ಪರೀಕ್ಷೆಗೆ ಬಂದವರಲ್ಲಿ ಹತ್ತಕ್ಕೆ ಒಂಬತ್ತು ಜನರಿಗೆ ಸೋರುತ್ತಿರಲಿಲ್ಲ. ಎರಡೂ ನಿಜ. ಎರಡನ್ನೂ ತಕ್ಕಡಿಯಲ್ಲಿ ಇಟ್ಟುಕೊಂಡು ನೀವೇ ತೂಗಬೇಕು.

ಮೆಶ್ ಬೇಡವೇ ಬೇಡ ಎನಿಸಿದರೆ ಆಪರೇಷನ್ನೇ ಇಲ್ಲ ಎಂದಲ್ಲ. ನಿಮ್ಮದೇ ಹೊಟ್ಟೆಯ ಗೋಡೆಯಿಂದ ಒಂದು ನಾರಿನ ಪಟ್ಟಿ ತೆಗೆದು ಆಸರೆ ಮಾಡಬಹುದು. ಬರ್ಚ್ ಆಪರೇಷನ್ನನ್ನು ಈಗ ಲ್ಯಾಪರೋಸ್ಕೋಪಿಯಲ್ಲೂ ಮಾಡುತ್ತಾರೆ. 2007ರಲ್ಲಿ 655 ಹೆಂಗಸರಲ್ಲಿ ಸ್ವಂತ ನಾರಿನ ಪಟ್ಟಿಯನ್ನೂ ಹೊಟ್ಟೆ ಕೊಯ್ದು ಮಾಡಿದ ಬರ್ಚ್ ಆಪರೇಷನ್ನನ್ನೂ ಹೋಲಿಸಿದಾಗ, ಎರಡು ವರ್ಷಕ್ಕೆ ಒತ್ತಡದ ಸೋರಿಕೆ ನಿಂತದ್ದು ಶೇ 66 ಮತ್ತು ಶೇ 49. ಪಟ್ಟಿ ಹಾಕಿದವರಲ್ಲಿ ಮೂತ್ರದ ಸೋಂಕು, ಮೂತ್ರ ಕಟ್ಟುವ ತೊಂದರೆ ಜಾಸ್ತಿ ಇತ್ತು. ಗಾಯ ದೊಡ್ಡದು, ಚೇತರಿಕೆ ನಿಧಾನ.

ಕೊಯ್ಯುವುದೇ ಇಲ್ಲದೆ, ಮೂತ್ರನಾಳದ ಗೋಡೆಗೆ ಜೆಲ್ ಚುಚ್ಚುವ ವಿಧಾನವೂ ಇದೆ, ಬಲ್ಕಿಂಗ್ ಎನ್ನುತ್ತಾರೆ. ಹತ್ತು-ಹದಿನೈದು ನಿಮಿಷದ ಕೆಲಸ, ಅಪಾಯ ಬಹಳ ಕಡಿಮೆ, ಫಲವೂ ಅಷ್ಟೇ ಕಡಿಮೆ. ಫಿನ್ಲೆಂಡಿನಲ್ಲಿ 224 ಹೆಂಗಸರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವರ್ಷದ ನಂತರ ತೃಪ್ತಿಯಾಗಿದೆ ಎಂದವರು ಟೇಪಿನಲ್ಲಿ ಶೇ 95, ಜೆಲ್‌ನಲ್ಲಿ ಶೇ 60. ಕೆಲವರಿಗೆ ಮತ್ತೆ ಚುಚ್ಚಬೇಕಾಗುತ್ತದೆ. ಒಂದು ಹನಿಯೂ ಸೋರಬಾರದು ಎನ್ನುವವರಿಗೆ ಇದು ಸಾಲದು. ದೊಡ್ಡ ಅಪಾಯ ಬೇಡ, ಅರ್ಧ ಕಡಿಮೆಯಾದರೂ ಸಾಕು ಎನ್ನುವವರಿಗೆ ಒಳ್ಳೆಯ ಆಯ್ಕೆ.

ಲೇಸರ್ ಬಗ್ಗೆ ಚಿಕ್ಕದಾಗಿ: ಬೇಡ. 2018ರಲ್ಲಿ ಎಫ್‌ಡಿಎ ಯೋನಿಗೆ ಲೇಸರ್ ಹೊಡೆಸುವ ಚಿಕಿತ್ಸೆಗಳ ಬಗ್ಗೆ ಎಚ್ಚರಿಕೆ ಕೊಟ್ಟಿತು. ಮೂತ್ರ ಸೋರಿಕೆಗೆ ಇವು ಸುರಕ್ಷಿತ, ಪರಿಣಾಮಕಾರಿ ಎಂದು ರುಜುವಾತಾಗಿಲ್ಲ, ಸುಟ್ಟಗಾಯ, ಕಲೆ, ನೋವಿನ ವರದಿಗಳಿವೆ ಎಂದಿತು. ಗಾಯವಿಲ್ಲ, ನೋವಿಲ್ಲ ಎಂಬ ಜಾಹೀರಾತು ನೋಡಿ ಹೋಗಬೇಡಿ.

ನಿಮ್ಮ ಜಾಗದಲ್ಲಿ ನನ್ನ ಅಕ್ಕ ಇದ್ದಿದ್ದರೆ ಹೀಗೆ ಹೇಳುತ್ತಿದ್ದೆ. ಈ ವಾರವೇ ಮೂರು ದಿನದ ಹಾಳೆ ಬರೆ. ಮೂರು ತಿಂಗಳು ಫಿಸಿಯೋಥೆರಪಿಸ್ಟ್ ಹತ್ತಿರ ಸರಿಯಾಗಿ ವ್ಯಾಯಾಮ ಮಾಡು, ಅವಸರದ ಸೋರಿಕೆಗೂ ಜೊತೆಗೇ ಚಿಕಿತ್ಸೆ ತಗೋ, ತೂಕ ಸ್ವಲ್ಪ ಇಳಿಸು. ಆಮೇಲೂ ಕೆಮ್ಮಿದರೆ ಸೋರಿ ಬದುಕಿಗೆ ಅಡ್ಡಿಯಾದರೆ ಆಪರೇಷನ್ ಮಾಡಿಸಿಕೋ, ಅದಕ್ಕೆ ಹಿಂಜರಿಯಬೇಡ. ಗಂಡನ ಜೊತೆ ಸೇರುವಾಗಿನ ಸೋರಿಕೆಯೂ ಬಹಳ ಜನರಲ್ಲಿ ಆಪರೇಷನ್ನಿನ ನಂತರ ಕಡಿಮೆಯಾಗುತ್ತದೆ. ಇದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ, ಅವರು ಕೇಳಲಿ ಎಂದು ಕಾಯಬೇಡಿ. ಇನ್ನೂ ಮಕ್ಕಳು ಬೇಕು ಎನ್ನುವವರಿಗೆ ಮಾತ್ರ ಆಪರೇಷನ್ ಮುಂದೂಡಿ ಎನ್ನುತ್ತೇನೆ.

ಆಪರೇಷನ್ ಮಾಡುವವರನ್ನು ಧೈರ್ಯವಾಗಿ ಕೇಳಿ: ಇಂಥದ್ದನ್ನು ನೀವು ಎಷ್ಟು ಮಾಡುತ್ತೀರಿ? ಯಾವ ಬಗೆಯ ಟೇಪ್, ಯಾವ ದಾರಿ, ಯಾಕೆ? ನಿಮ್ಮ ರೋಗಿಗಳಲ್ಲಿ ತೊಂದರೆ ಆದಾಗ ಏನು ಮಾಡಿದಿರಿ? ತೆಗೆಯಬೇಕಾದರೆ ಯಾರು ತೆಗೆಯುತ್ತಾರೆ? ಮೆಶ್ ಇಲ್ಲದ ಆಪರೇಷನ್ ನಿಮ್ಮಲ್ಲಿ ಇದೆಯಾ? ಈ ಪ್ರಶ್ನೆಗಳಿಗೆ ಸಿಡುಕುವ ಡಾಕ್ಟರ ಹತ್ತಿರ ಮಾಡಿಸಬೇಡಿ. ಟೇಪಿನ ಹೆಸರು, ನಂಬರ್ ಇರುವ ಚೀಟಿಯನ್ನು ಕೇಳಿ ಪಡೆದು ಫೈಲಿನಲ್ಲಿ ಇಟ್ಟುಕೊಳ್ಳಿ. ಹತ್ತು ವರ್ಷದ ನಂತರ ಬೇರೆ ಡಾಕ್ಟರಿಗೆ ಅದು ಬೇಕಾಗಬಹುದು.

ಮನೆಗೆ ಕಳಿಸುವ ಮುನ್ನ ನೀವಾಗಿಯೇ ಮೂತ್ರ ಮಾಡಿ, ಒಳಗೆ ಎಷ್ಟು ಉಳಿದಿದೆ ಎಂದು ನೋಡಿಸಿಕೊಳ್ಳಲೇಬೇಕು. ಕೆಲವರಿಗೆ ಊತ ಇಳಿಯುವವರೆಗೆ ಕೆಲವು ದಿನ ಕ್ಯಾತಿಟರ್, ಅಂದರೆ ಮೂತ್ರ ಹೊರಹೋಗಲು ಕೊಳವೆ, ಬೇಕಾಗುತ್ತದೆ. ಒಂದೆರಡು ವಾರದಲ್ಲಿ ಪಾಠಕ್ಕೆ ಹೋಗಬಹುದು. ಭಾರ ಎತ್ತುವುದು, ನೆಗೆಯುವುದು, ಸಂಭೋಗ ಆರು ವಾರ ಬೇಡ. ಮೂತ್ರ ಕಟ್ಟಿಕೊಂಡರೆ, ಹನಿ ಹನಿಯಾಗಿ ಮಾತ್ರ ಹೋದರೆ, ಜ್ವರ ಬಂದರೆ, ರಕ್ತಸ್ರಾವ ಜಾಸ್ತಿಯಾದರೆ, ತೊಡೆ ಅಥವಾ ಕಿಬ್ಬೊಟ್ಟೆಯ ನೋವು ದಿನದಿಂದ ದಿನಕ್ಕೆ ಏರಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ತಿಂಗಳುಗಳ ನಂತರ ವಾಸನೆಯ ಬಿಳಿಸ್ರಾವ, ಸೇರುವಾಗ ಗಂಡನಿಗೆ ಏನೋ ಚುಚ್ಚಿದಂತಾಗುವುದು, ಮತ್ತೆ ಮತ್ತೆ ಮೂತ್ರದ ಸೋಂಕು ಇವು ಟೇಪ್ ಹೊರಬಂದಿರುವ ಸೂಚನೆ ಇರಬಹುದು. ಆಗ "ಆಪರೇಷನ್ ಆಗಿ ವರ್ಷವಾಯಿತಲ್ಲ" ಎಂದು ಸುಮ್ಮನಿರಬೇಡಿ. ತೋರಿಸಿಕೊಳ್ಳಿ, ಒಬ್ಬರು ಏನೂ ಇಲ್ಲ ಎಂದರೆ ಇನ್ನೊಬ್ಬರಿಗೆ ತೋರಿಸಿ.